ಮೇಲ್ ಸರ್ವರ್ ನಿಂತರೆ ಏನು ಗತಿ? ರೆಪ್ಲಿಕೇಶನ್, ಹೈ ಅವೈಲಬಿಲಿಟಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಕೆಲವು ಸಣ್ಣ ಕಾರ್ಖಾನೆಗಳು, ಮಂಡ್ಯದ ಒಂದೆರಡು ಸೊಸೈಟಿಗಳು, ಒಂದು ಕಾಲೇಜು. ಇವರ ಮೇಲ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಹೊಸದಾಗಿ ಯಾರು ಬಂದರೂ ಕೇಳುವುದು ಹೆಚ್ಚುಕಮ್ಮಿ ಇದನ್ನೇ. ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಬರೆದಿಟ್ಟಿದ್ದೇನೆ.

ರೆಪ್ಲಿಕೇಶನ್, ಹೈ ಅವೈಲಬಿಲಿಟಿ, ಬ್ಯಾಕಪ್. ಮೂರೂ ಒಂದೇ ಅಲ್ವಾ?

ಅಲ್ಲ. ಒಂದು ಸರ್ವರಿನಲ್ಲಿ ಆದದ್ದು ಇನ್ನೊಂದರಲ್ಲೂ ಆಗಿಂದಾಗಲೇ ಆಗುತ್ತಾ ಹೋಗುವುದು ರೆಪ್ಲಿಕೇಶನ್. ಮೊದಲನೆಯದು ಬಿದ್ದಾಗ ಎರಡನೆಯದು ಕೆಲಸ ವಹಿಸಿಕೊಳ್ಳುವ ಏರ್ಪಾಡು ಹೈ ಅವೈಲಬಿಲಿಟಿ. ನಿನ್ನೆ, ಮೊನ್ನೆ, ಹೋದ ತಿಂಗಳು ಹೇಗಿತ್ತೋ ಹಾಗೇ ಎತ್ತಿಟ್ಟ ಪ್ರತಿ ಬ್ಯಾಕಪ್.

ರೆಪ್ಲಿಕೇಶನ್ ಇದ್ದ ಮಾತ್ರಕ್ಕೆ ಹೈ ಅವೈಲಬಿಲಿಟಿ ಬರುವುದಿಲ್ಲ. ಮೈಸೂರಿನಲ್ಲಿ ಸರ್ವರ್, ಮಂಡ್ಯದಲ್ಲಿ ಅದರ ಪ್ರತಿ ಇದೆ, ಆದರೆ ಅದನ್ನು ಯಾವಾಗ, ಯಾರು, ಹೇಗೆ ಚಾಲೂ ಮಾಡಬೇಕು ಅಂತ ಯಾರಿಗೂ ಗೊತ್ತಿಲ್ಲ. ಇಂಥದ್ದನ್ನು ನಾನು ಜಾಸ್ತಿ ನೋಡಿದ್ದೇನೆ. ಮನೆಯ ಸ್ಪೇರ್ ಕೀಯನ್ನು ಮನೆಯೊಳಗಿನ ಬೀರುವಿನಲ್ಲೇ ಇಟ್ಟು ಬೀಗ ಹಾಕಿಕೊಂಡು ಬಂದ ಹಾಗೆ.

ಎರಡು ಕಡೆ ಪ್ರತಿ ಇದೆಯಲ್ಲ, ಮತ್ತೆ ಬ್ಯಾಕಪ್ ಯಾಕೆ?

ಅಕೌಂಟ್ಸ್‌ನವರು ತಪ್ಪಿ ಇಡೀ ಫೋಲ್ಡರ್ ಡಿಲೀಟ್ ಮಾಡಿದರು ಅಂದುಕೊಳ್ಳಿ. ರೆಪ್ಲಿಕೇಶನ್ ತನ್ನ ಕೆಲಸ ಚೆನ್ನಾಗಿ ಮಾಡುತ್ತಿದ್ದರೆ ಎರಡನೇ ಸರ್ವರಿನಲ್ಲೂ ಅದು ಕೆಲವೇ ಸೆಕೆಂಡಿನಲ್ಲಿ ಹೋಗುತ್ತದೆ. ರ‍್ಯಾನ್ಸಮ್‌ವೇರ್ ಬಂದು ಫೈಲುಗಳಿಗೆ ಬೀಗ ಹಾಕಿದರೂ ಅಷ್ಟೇ. ಬೀಗ ಬಿದ್ದ ಫೈಲೇ ಆ ಕಡೆಗೂ ಕಾಪಿ ಆಗುತ್ತದೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2011ರ ಫೆಬ್ರವರಿ ಕೊನೆಯಲ್ಲಿ ಜಿಮೇಲ್‌ನ ಕೆಲವು ಬಳಕೆದಾರರು ಲಾಗಿನ್ ಆದಾಗ ಇನ್‌ಬಾಕ್ಸ್ ಖಾಲಿ ಇತ್ತು. ಗೂಗಲ್ ಲೆಕ್ಕದಲ್ಲಿ ಶೇ. 0.02ರಷ್ಟು ಮಂದಿ. ಅವರ ಮೇಲ್ ಹಲವು ಡೇಟಾ ಸೆಂಟರುಗಳಲ್ಲಿ ಇತ್ತು, ಆದರೆ ಸ್ಟೋರೇಜ್ ಸಾಫ್ಟ್‌ವೇರಿನ ಒಂದು ದೋಷ ಹಲವು ಪ್ರತಿಗಳನ್ನು ಒಟ್ಟಿಗೇ ಹಾಳುಮಾಡಿತು. ಕೊನೆಗೆ ಕಾಪಾಡಿದ್ದು ಟೇಪ್. ಹೌದು, ಎಲ್ಲದರಿಂದ ಬೇರೆ ಮಾಡಿ ಎತ್ತಿಟ್ಟಿದ್ದ ಹಳೇ ಕಾಲದ ಟೇಪ್.

ಹಾಗಾಗಿ ನನ್ನ ನಿಯಮ ಇಷ್ಟು: ಒಂದು ಪ್ರತಿಯಾದರೂ ಸರ್ವರಿನ ಪಾಸ್‌ವರ್ಡ್ ಗೊತ್ತಿದ್ದವನಿಗೂ ಅಳಿಸಲು ಆಗದ ಜಾಗದಲ್ಲಿರಬೇಕು. ಕೈಯಲ್ಲಿ ದುಡ್ಡು ಒಂದಕ್ಕೇ ಇದೆ ಅಂದರೆ ಮೊದಲು ಬ್ಯಾಕಪ್ ಮಾಡಿಸಿ. ಎರಡನೇ ಸರ್ವರ್ ಆಮೇಲೆ.

ರಾತ್ರಿ ಸರ್ವರ್ ಬಿದ್ದರೆ ಆಗ ಬರುವ ಮೇಲ್ ಎಲ್ಲಾ ಕಳೆದುಹೋಗುತ್ತದಾ?

ಇಲ್ಲ. ಎಷ್ಟೋ ಜನ ಇದನ್ನು ತಿಳಿಯದೇ ಹೆದರಿ ದುಡ್ಡು ಸುರಿಯುತ್ತಾರೆ.

ಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ಕ್ರಮ 1982ರದು. ಆಗ ಕಂಪ್ಯೂಟರುಗಳು ಸದಾ ಸಂಪರ್ಕದಲ್ಲಿ ಇರುತ್ತಿರಲಿಲ್ಲ. ಅದಕ್ಕೇ ಅದರಲ್ಲಿ ತಾಳ್ಮೆ ಹುಟ್ಟಿನಿಂದಲೇ ಬಂದಿದೆ. ನಿಮ್ಮ ಸರ್ವರ್ ಸಿಗದಿದ್ದರೆ ಕಳಿಸುವವರ ಸರ್ವರ್ ಆ ಮೇಲನ್ನು ತನ್ನ ಕ್ಯೂನಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕನಿಷ್ಠ 4ರಿಂದ 5 ದಿನ ಬಿಡದೆ ಪ್ರಯತ್ನಿಸಬೇಕು ಅಂತ ನಿಯಮದಲ್ಲೇ ಇದೆ. ಪೋಸ್ಟ್‌ಫಿಕ್ಸ್ ಎಂಬ ಉಚಿತ ಮೇಲ್ ಸಾಫ್ಟ್‌ವೇರ್ ಹಾಕಿದವರು ಏನೂ ಬದಲಿಸದಿದ್ದರೆ ಅದು 5 ದಿನ ಕಾಯುತ್ತದೆ. ಬಾಗಿಲು ಹಾಕಿದ್ದರೆ ಪೋಸ್ಟ್‌ಮ್ಯಾನ್ ಕಾಗದ ಹರಿದು ಹಾಕುವುದಿಲ್ಲವಲ್ಲ, ನಾಳೆ ಬರುತ್ತಾನೆ. ಇದೂ ಹಾಗೇ.

ನಿಜವಾಗಿ ಅಪಾಯ ಇರುವುದು ಸರ್ವರ್ ಅರ್ಧ ಸತ್ತಾಗ. ಪೂರ್ತಿ ಸತ್ತ ಸರ್ವರಿನಿಂದ ಉತ್ತರವೇ ಬರುವುದಿಲ್ಲ, ಕಳಿಸುವವರು ಕಾಯುತ್ತಾರೆ. 4ರಿಂದ ಶುರುವಾಗುವ ಕೋಡ್ ಕೊಟ್ಟರೆ 'ಆಮೇಲೆ ಬಾ' ಅಂತ ಅರ್ಥ, ಆಗಲೂ ಕಾಯುತ್ತಾರೆ. 5ರಿಂದ ಶುರುವಾಗುವ ಕೋಡ್ ಕೊಟ್ಟರೆ 'ಇನ್ನು ಬರಲೇಬೇಡ' ಅಂತ ಅರ್ಥ. ಮೇಲ್ ಆ ಕ್ಷಣವೇ ಬೌನ್ಸ್. ಬಳಕೆದಾರರ ಪಟ್ಟಿ ಇರುವ ಡೇಟಾಬೇಸ್ ಸಿಗದಿದ್ದಾಗ, ತಪ್ಪಾಗಿ ಸೆಟ್ ಮಾಡಿದ ಸರ್ವರ್ 'ಅಂಥ ಹೆಸರಿನವರು ಇಲ್ಲಿಲ್ಲ' ಅಂತ 550 ಕೊಟ್ಟುಬಿಡುತ್ತದೆ. 2020ರ ಡಿಸೆಂಬರಿನಲ್ಲಿ ಜಿಮೇಲ್ ಕೂಡ ಕೆಲವು ಗಂಟೆ ಹೀಗೇ ಇದ್ದ ವಿಳಾಸಗಳನ್ನೇ ಇಲ್ಲ ಅಂದಿತ್ತು. ನಿಮ್ಮ ಸರ್ವರಿಗೆ ಗೊತ್ತಾಗದಿದ್ದರೆ 'ಆಮೇಲೆ ಬಾ' ಅನ್ನುವ ಹಾಗೆ ಸೆಟ್ ಮಾಡಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಹಾಗಿದ್ದರೆ ಎರಡನೇ ಎಂಎಕ್ಸ್ ಹಾಕಿದರೆ ಮುಗೀತಲ್ಲ?

ಎಂಎಕ್ಸ್ ಅಂದರೆ ನಿಮ್ಮ ಮೇಲನ್ನು ಯಾವ ಸರ್ವರಿಗೆ ತಲುಪಿಸಬೇಕು ಅಂತ ಹೇಳುವ ದಾಖಲೆ. ಡಿಎನ್‌ಎಸ್‌ನಲ್ಲಿ (ಹೆಸರು ಕೊಟ್ಟರೆ ವಿಳಾಸ ಹೇಳುವ ಇಂಟರ್ನೆಟ್ಟಿನ ಡೈರೆಕ್ಟರಿ) ಅಂಥ ಎರಡು ದಾಖಲೆ ಹಾಕಿದರೆ ಚಿಕ್ಕ ಸಂಖ್ಯೆಯದನ್ನು ಮೊದಲು ಹುಡುಕುತ್ತಾರೆ, ಅದು ಸಿಗದಿದ್ದರೆ ಇನ್ನೊಂದಕ್ಕೆ ಹೋಗುತ್ತಾರೆ. ಇದರಿಂದ ಬರುವ ಮೇಲ್ ಒಂದು ಕಡೆ ಬಿದ್ದಿರುತ್ತದೆ, ಅಷ್ಟೇ. ಜನಕ್ಕೆ ತಮ್ಮ ಇನ್‌ಬಾಕ್ಸ್ ಕಾಣುವುದಿಲ್ಲ, ಹಳೇ ಮೇಲ್ ತೆರೆಯಲು ಆಗುವುದಿಲ್ಲ, ಕಳಿಸಲೂ ಆಗುವುದಿಲ್ಲ.

ಇನ್ನೊಂದು ಕಿರಿಕಿರಿ. ಸ್ಪ್ಯಾಮ್ ಕಳಿಸುವವರು ಬೇಕಂತಲೇ ಎರಡನೇ ಎಂಎಕ್ಸ್‌ಗೆ ಕಳಿಸುತ್ತಾರೆ. ಹಿತ್ತಲ ಬಾಗಿಲಿಗೆ ಕಾವಲು ಕಮ್ಮಿ ಅಂತ ಅವರಿಗೆ ಗೊತ್ತು. ಮೊದಲನೆಯದರಲ್ಲಿರುವ ಫಿಲ್ಟರ್ ಮತ್ತು ಬಳಕೆದಾರರ ಪಟ್ಟಿ ಎರಡನೆಯದರಲ್ಲೂ ಇರಲೇಬೇಕು. ಇಲ್ಲದಿದ್ದರೆ ಹಾಕಬೇಡಿ. ಕಳಿಸುವವರ ಕ್ಯೂನಲ್ಲೇ ಮೇಲ್ ಇರುವುದು ವಾಸಿ.

ನಮಗೆ ಎಷ್ಟು ಭದ್ರತೆ ಬೇಕು ಅಂತ ತೀರ್ಮಾನಿಸುವುದು ಹೇಗೆ?

ಎರಡು ಪ್ರಶ್ನೆ ಕೇಳಿಕೊಳ್ಳಿ. ಮೇಲ್ ಇಲ್ಲದೆ ಎಷ್ಟು ಹೊತ್ತು ತಡೆಯುತ್ತೀರಿ? ಕೊನೆಯ ಎಷ್ಟು ನಿಮಿಷದ ಮೇಲ್ ಹೋದರೆ ಸಹಿಸುತ್ತೀರಿ? ಮೊದಲನೆಯದಕ್ಕೆ ನಮ್ಮ ಕಡೆಯವರು ಆರ್‌ಟಿಒ ಅಂತಾರೆ (ಗಾಡಿ ನೋಂದಣಿ ಆಫೀಸಲ್ಲ), ಎರಡನೆಯದಕ್ಕೆ ಆರ್‌ಪಿಒ.

ಮಾರುವವರು 'ನೈನ್ಸ್' ಲೆಕ್ಕ ಹೇಳುತ್ತಾರೆ. ಶೇ. 99 ಅಂದರೆ ವರ್ಷಕ್ಕೆ ಮೂರೂವರೆ ದಿನಕ್ಕಿಂತ ಸ್ವಲ್ಪ ಜಾಸ್ತಿ ನಿಂತಿರಬಹುದು. ಶೇ. 99.9 ಅಂದರೆ ಸುಮಾರು 8 ಗಂಟೆ 45 ನಿಮಿಷ. ಶೇ. 99.99 ಅಂದರೆ 53 ನಿಮಿಷ. ಒಂದೊಂದು 9 ಸೇರಿಸಿದಾಗಲೂ ಖರ್ಚು ಎರಡು ಪಟ್ಟು, ಮೂರು ಪಟ್ಟು ಏರುತ್ತದೆ, ಅದಕ್ಕಿಂತ ಹೆಚ್ಚಾಗಿ ನೋಡಿಕೊಳ್ಳುವವನ ತಲೆನೋವು ಏರುತ್ತದೆ.

ಮೂವತ್ತು ಜನರ ಕಾರ್ಖಾನೆಗೆ ವರ್ಷಕ್ಕೆ ಒಂದು ಸಲ ಅರ್ಧ ದಿನ ಮೇಲ್ ನಿಂತರೆ ಪ್ರಪಂಚ ಮುಳುಗುವುದಿಲ್ಲ. ಟೆಂಡರ್ ಹಾಕುವ ದಿನ ನಿಂತರೆ ಮಾತ್ರ ಬೇರೆ ಮಾತು. ಮಾಲೀಕರನ್ನು 'ಎಷ್ಟು ಹೊತ್ತು ನಿಂತರೆ ನಡೆಯುತ್ತೆ ಸಾರ್' ಅಂದರೆ 'ಒಂದು ನಿಮಿಷವೂ ನಿಲ್ಲಬಾರದು' ಅನ್ನುತ್ತಾರೆ. ಕೊಟೇಶನ್ ತೋರಿಸಿದ ಮೇಲೆ ಎರಡು ಗಂಟೆಗೆ ಬರುತ್ತಾರೆ.

ಸಿಂಕ್ರೊನಸ್ ಒಳ್ಳೆಯದಾ, ಅಸಿಂಕ್ರೊನಸ್ ಒಳ್ಳೆಯದಾ?

ಸಿಂಕ್ರೊನಸ್ ಅಂದರೆ ಎರಡೂ ಕಡೆ ಬರೆದಾದ ಮೇಲೇ 'ಬಂತು' ಅನ್ನುವುದು. ಅಸಿಂಕ್ರೊನಸ್ ಅಂದರೆ ಇಲ್ಲಿ ಬರೆದು 'ಬಂತು' ಅಂದು, ಆ ಕಡೆಗೆ ಹಿಂದಿನಿಂದ ಕಳಿಸುವುದು.

ಇಲ್ಲಿ ಒಂದು ಸೂಕ್ಷ್ಮ ಇದೆ. ನಿಮ್ಮ ಸರ್ವರ್ 250 ಎಂಬ ಕೋಡ್ ಕೊಟ್ಟ ಕ್ಷಣಕ್ಕೆ ಆ ಮೇಲ್‌ನ ಜವಾಬ್ದಾರಿ ನಿಮ್ಮದಾಯಿತು. ಕಳಿಸಿದವರ ಸರ್ವರ್ ತನ್ನ ಪ್ರತಿ ಅಳಿಸಿಬಿಡುತ್ತದೆ. ಅಸಿಂಕ್ರೊನಸ್‌ನಲ್ಲಿ 250 ಕೊಟ್ಟು, ಆ ಕಡೆಗೆ ಕಳಿಸುವ ಮೊದಲೇ ಡಿಸ್ಕ್ ಸುಟ್ಟರೆ ಆ ಮೇಲ್ ಜಗತ್ತಿನಲ್ಲಿ ಎಲ್ಲೂ ಇಲ್ಲ. ಮೇಲೆ ಹೇಳಿದ ಐದು ದಿನದ ತಾಳ್ಮೆ ಇದಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಮೈಕ್ರೋಸಾಫ್ಟಿನ ಮೇಲ್ ಸರ್ವರ್ ಸಾಫ್ಟ್‌ವೇರ್ ಆದ ಎಕ್ಸ್‌ಚೇಂಜ್‌ನಲ್ಲಿ ಶ್ಯಾಡೋ ರಿಡಂಡೆನ್ಸಿ ಅಂತ ಇರುವುದು ಈ ಕಿಂಡಿ ಮುಚ್ಚಲಿಕ್ಕೆ. ಇನ್ನೊಂದು ಸರ್ವರಿನಲ್ಲಿ ನೆರಳು ಪ್ರತಿ ಇಟ್ಟು ಆಮೇಲೆ 250 ಕೊಡುತ್ತದೆ.

ದೂರದ ಲೆಕ್ಕ ಕೇಳುತ್ತಾರೆ. ಫೈಬರಿನೊಳಗೆ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಹೋಗುತ್ತದೆ. ಮೈಸೂರಿನಿಂದ ಮಂಡ್ಯ 45 ಕಿ.ಮೀ. ಹೋಗಿ ಬರಲು ಅರ್ಧ ಮಿಲಿಸೆಕೆಂಡೂ ಬೇಡ. ಆದರೆ ಎರಡು ಕಡೆ ಎರಡು ಕಂಪನಿಯ ಇಂಟರ್ನೆಟ್ ಇದ್ದರೆ ಡೇಟಾ ಎಷ್ಟೋ ಸಲ ಬೆಂಗಳೂರು ಸುತ್ತಿಕೊಂಡು ಬರುತ್ತದೆ. ಬಸ್ಸು ಹತ್ತಿ ಮಂಡ್ಯದಲ್ಲಿ ಇಳಿಯದೆ, ಮೆಜೆಸ್ಟಿಕ್‌ವರೆಗೆ ಹೋಗಿ ವಾಪಸ್ ಮಂಡ್ಯಕ್ಕೆ ಬಂದ ಹಾಗೆ. ಸಿಂಕ್ರೊನಸ್ ಮಾಡಿದರೆ ಆ ಸುತ್ತಾಟದ ಹೊತ್ತು ಡಿಸ್ಕಿಗೆ ಬರೆಯುವ ಪ್ರತಿ ಸಲವೂ ಸೇರುತ್ತದೆ. ಲಿಂಕ್ ತೊದಲಿದರೆ ಇಲ್ಲಿನ ಸರ್ವರ್ ಕೂಡ ತೊದಲುತ್ತದೆ.

ಒಂದೇ ಕಟ್ಟಡದೊಳಗಾದರೆ ಸಿಂಕ್ರೊನಸ್, ಊರು ದಾಟಿದರೆ ಅಸಿಂಕ್ರೊನಸ್. ನಾನು ಮಾಡುವುದು ಹೀಗೆ.

ಸ್ಪ್ಲಿಟ್ ಬ್ರೈನ್ ಅಂದರೇನು? ಎಲ್ಲರೂ ಯಾಕೆ ಅಷ್ಟು ಹೆದರುತ್ತಾರೆ?

ಹೆದರಬೇಕಾದದ್ದೇ. ನನಗೆ ಒಂದು ಸಲ ಆಗಿದೆ.

ಒಂದು ಸೊಸೈಟಿಯಲ್ಲಿ ಇಬ್ಬರು ಗುಮಾಸ್ತರು, ಎರಡು ಶಾಖೆ, ಒಂದೇ ನಂಬರಿನ ಸಾಲಿನಲ್ಲಿ ರಸೀದಿ ಬರೆಯಬೇಕು ಅಂದುಕೊಳ್ಳಿ. ದಿನವೂ ಫೋನ್ ಮಾಡಿ 'ನಿಂದು ಎಷ್ಟಕ್ಕೆ ಬಂತು' ಅಂತ ಕೇಳಿಕೊಂಡು ಬರೆಯುತ್ತಾರೆ. ಒಂದು ದಿನ ಫೋನ್ ಕಟ್ಟಾಯಿತು. ಇವನಿಗೆ ಅವನು ರಜೆ ಅನ್ನಿಸಿತು, ಅವನಿಗೆ ಇವನು ರಜೆ ಅನ್ನಿಸಿತು. ಇಬ್ಬರೂ 501ರಿಂದ ಬರೆದರು. ಸಂಜೆ ಫೋನ್ ಬಂದಾಗ 501 ನಂಬರಿನ ರಸೀದಿ ಎರಡು. ಯಾವುದು ಸರಿ? ಎರಡೂ ಸರಿ. ಅದೇ ತೊಂದರೆ. ಎರಡು ಸರ್ವರಿಗೆ ಹೀಗಾದರೆ ಅದು ಸ್ಪ್ಲಿಟ್ ಬ್ರೈನ್.

ನನ್ನ ಕಥೆಯಲ್ಲಿ ಫೋನ್ ಬದಲು ಫೈಬರ್. ರಸ್ತೆ ಪಕ್ಕ ಪೈಪಿಗೆ ಅಗೆಯುತ್ತಿದ್ದ ಜೆಸಿಬಿ ಕೇಬಲ್ ಎತ್ತಿತು. ಮೈಸೂರಿನ ಸರ್ವರ್ ಚೆನ್ನಾಗೇ ಇತ್ತು. ಮಂಡ್ಯದ್ದು 'ಮೈಸೂರು ಸತ್ತಿದೆ' ಅಂತ ತಿಳಿದು ತಾನೇ ಯಜಮಾನ ಅಂತ ಎದ್ದು ಕೂತಿತು. ನಲವತ್ತು ನಿಮಿಷ ಎರಡೂ ಮೇಲ್ ತಗೊಂಡವು. ಕೇಬಲ್ ಮತ್ತೆ ಜೋಡಿಸಿದಾಗ, ಎರಡು ಕಡೆಯ ಡಿಸ್ಕನ್ನು ಒಂದೇ ಥರ ಇಡುವ ಡಿಆರ್‌ಬಿಡಿ ಎಂಬ ಸಾಫ್ಟ್‌ವೇರ್ ಸ್ಪಷ್ಟವಾಗಿ ಹೇಳಿತು: ಎರಡರಲ್ಲಿ ಒಂದನ್ನು ಬಿಸಾಕು, ಯಾವುದು ಅಂತ ನೀನೇ ಹೇಳು. ಡಿಸ್ಕನ್ನು ಬ್ಲಾಕ್ ಬ್ಲಾಕ್ ಆಗಿ ಕಾಪಿ ಮಾಡುವ ಅದಕ್ಕೆ ಮೇಲ್ ಅಂದರೇನು ಅಂತ ಗೊತ್ತಿಲ್ಲ, ಬೆರೆಸಲು ಬರುವುದಿಲ್ಲ. ಆ ರಾತ್ರಿ ಮಂಡ್ಯದ ಕಡೆಯ ಹೊಸ ಮೇಲುಗಳನ್ನು ಬೇರೆ ತೆಗೆದಿಟ್ಟು, ಒಬ್ಬೊಬ್ಬರ ಫೋಲ್ಡರಿಗೆ ಕೈಯಿಂದ ಸೇರಿಸುವ ಹೊತ್ತಿಗೆ ಹಾಲಿನವನು ಬಂದಿದ್ದ.

ಇದಕ್ಕೆ ಮದ್ದು ಕೋರಂ. ಸೊಸೈಟಿ ಸಭೆಗೆ ಕೋರಂ ಇಲ್ಲ ಅಂತ ಮುಂದೂಡುತ್ತಾರಲ್ಲ, ಅದೇ. ಅರ್ಧಕ್ಕಿಂತ ಹೆಚ್ಚು ಮತ ಯಾರ ಕಡೆ ಇದೆಯೋ ಅವರು ಮಾತ್ರ ಕೆಲಸ ಮಾಡಬೇಕು. ಇಬ್ಬರೇ ಇದ್ದರೆ ಬಹುಮತ ಬರುವುದಿಲ್ಲ. ಅದಕ್ಕೆ ಮೂರನೇ ಸಾಕ್ಷಿ ಬೇಕು. ಅದು ಮೇಲ್ ಇಟ್ಟುಕೊಳ್ಳಬೇಕಿಲ್ಲ, ಮತ ಹಾಕಿದರೆ ಸಾಕು, ಒಂದು ಪುಟಾಣಿ ಯಂತ್ರ ನಡೆಯುತ್ತದೆ. ಆದರೆ ಅದು ಮೂರನೇ ಜಾಗದಲ್ಲಿರಬೇಕು. ಮೈಸೂರಿನ ಸರ್ವರಿನ ಪಕ್ಕದಲ್ಲೇ ಇಟ್ಟರೆ, ಮೈಸೂರಿನ ಕರೆಂಟ್ ಹೋದಾಗ ಎರಡು ಮತವೂ ಹೋಯಿತು. ಮಂಡ್ಯ ಒಂದೇ ಮತ ಇಟ್ಟುಕೊಂಡು ಸುಮ್ನೆ ಕೂರುತ್ತದೆ.

ಇನ್ನೊಂದು ಮದ್ದು ಫೆನ್ಸಿಂಗ್. ಕೆಲಸ ವಹಿಸಿಕೊಳ್ಳುವ ಮೊದಲು ಆ ಕಡೆಯ ಯಂತ್ರದ ಕರೆಂಟನ್ನೇ ಕಿತ್ತು ಸತ್ತಿದೆ ಅಂತ ಖಾತ್ರಿ ಮಾಡಿಕೊಳ್ಳುವುದು. ಲಿನಕ್ಸ್ ಕ್ಲಸ್ಟರಿನವರು ಇದಕ್ಕೆ ಸ್ಟೋನಿತ್ ಅಂತಾರೆ. ಪಕ್ಕಪಕ್ಕದ ರ‍್ಯಾಕಿನಲ್ಲಿ ಚೆನ್ನಾಗಿ ನಡೆಯುತ್ತದೆ. ನಲವತ್ತೈದು ಕಿಲೋಮೀಟರ್ ಆಚೆ, ಲಿಂಕೇ ಇಲ್ಲದಾಗ, ಯಾರ ಕರೆಂಟ್ ಕೀಳುವುದು?

ಹಾಗಿದ್ದರೆ ಎರಡು ಊರಿನ ನಡುವೆ ತಾನಾಗಿ ಫೇಲೋವರ್ ಆಗುವ (ಒಂದು ಬಿದ್ದರೆ ಇನ್ನೊಂದು ಕೆಲಸ ವಹಿಸಿಕೊಳ್ಳುವ) ಹಾಗೆ ಮಾಡಬೇಡಿ ಅಂತೀರಾ?

ಮೂರನೇ ಜಾಗ, ಎರಡು ಬೇರೆ ದಾರಿಯ ಲಿಂಕ್, ನೋಡಿಕೊಳ್ಳಲು ಜನ, ಮೂರೂ ಇದ್ದರೆ ಮಾಡಿ. ಇಲ್ಲದಿದ್ದರೆ ಬೇಡ. ಪ್ರತಿ ತಾನಾಗಿ ಹೋಗುತ್ತಿರಲಿ, ಯಜಮಾನಿಕೆ ಬದಲಿಸುವುದು ಮನುಷ್ಯನ ಕೈಯಲ್ಲಿರಲಿ. ಮೈಸೂರಿನಲ್ಲಿರುವವನಿಗೆ ಒಂದು ಫೋನ್ ಮಾಡಿ 'ಸರ್ವರ್ ನಿಜವಾಗಿ ಬಿದ್ದಿದೆಯಾ, ನೆಟ್ ಹೋಗಿದೆಯಾ' ಅಂತ ಕೇಳಿ, ಆಮೇಲೆ ಮಂಡ್ಯದಲ್ಲಿ ಒಂದು ಕಮಾಂಡ್. ಹತ್ತು ಹದಿನೈದು ನಿಮಿಷ ತಡ ಆಗುತ್ತದೆ. ಬರುವ ಮೇಲ್ ಹೇಗೂ ಕಾಯುತ್ತದೆ ಅಂತ ಆಗಲೇ ಹೇಳಿದೆನಲ್ಲ. ಬ್ಯಾಂಕಿನ ಪೇಮೆಂಟ್ ವ್ಯವಸ್ಥೆಗೆ ಈ ಮಾತು ಹೇಳಲಾರೆ, ಮೇಲ್‌ಗೆ ಧೈರ್ಯವಾಗಿ ಹೇಳುತ್ತೇನೆ.

ಸರ್ವರ್ ಬದಲಾದರೆ ನಮ್ಮ ಫೋನು, ಔಟ್‌ಲುಕ್‌ಗೆ ಹೇಗೆ ಗೊತ್ತಾಗುತ್ತದೆ?

ಒಂದೇ ನೆಟ್‌ವರ್ಕಿನೊಳಗೆ ಎರಡೂ ಇದ್ದರೆ ಒಂದು ಐಪಿ ವಿಳಾಸವನ್ನೇ ಆ ಸರ್ವರಿನಿಂದ ಈ ಸರ್ವರಿಗೆ ಎತ್ತಿ ಕೊಡಬಹುದು. ಕೀಪ್‌ಅಲೈವ್‌ಡಿ ಎಂಬ ಸಾಫ್ಟ್‌ವೇರ್ ಅದನ್ನು ಕೆಲವೇ ಸೆಕೆಂಡಿನಲ್ಲಿ ಮಾಡುತ್ತದೆ. ಬೇರೆ ಊರಾದರೆ ಡಿಎನ್‌ಎಸ್ ಬದಲಿಸಬೇಕು. ಅಲ್ಲಿ ಟಿಟಿಎಲ್ ನೋಡಿಕೊಳ್ಳಿ, ಒಂದು ವಿಳಾಸವನ್ನು ಎಷ್ಟು ಸೆಕೆಂಡು ನೆನಪಿಟ್ಟುಕೊಳ್ಳಬಹುದು ಅನ್ನುವ ಲೆಕ್ಕ. ಅದು 86400 ಇದ್ದರೆ ಹಳೇ ವಿಳಾಸ ಒಂದು ದಿನವರೆಗೂ ಜನರ ಕಡೆ ಉಳಿಯಬಹುದು. 300 ಇಟ್ಟರೆ ಐದು ನಿಮಿಷ. ಬಿದ್ದ ಮೇಲೆ ಇಳಿಸಿದರೆ ಪ್ರಯೋಜನವಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ನಮ್ಮದು ಎಕ್ಸ್‌ಚೇಂಜ್. ಏನು ಮಾಡಬೇಕು?

ಎಕ್ಸ್‌ಚೇಂಜ್ 2010ರಿಂದ ಡಿಎಜಿ (ಮೇಲ್‌ಬಾಕ್ಸ್ ಡೇಟಾಬೇಸಿನ ಪ್ರತಿಗಳನ್ನು ಹಂಚಿಕೊಂಡು ಇಟ್ಟುಕೊಳ್ಳುವ ಸರ್ವರುಗಳ ಗುಂಪು) ಇದೆ, ನಾವೆಲ್ಲ 'ಡ್ಯಾಗ್' ಅಂತೀವಿ. 16 ಸರ್ವರ್ ತನಕ ಸೇರಿಸಬಹುದು, ನಮ್ಮ ಕಡೆ ಎರಡು ಸಾಕು. ಮೇಲ್‌ಬಾಕ್ಸ್ ಡೇಟಾಬೇಸಿನಲ್ಲಿ ಆಗುವ ಬದಲಾವಣೆಗಳು ಮೊದಲು 1 ಎಂಬಿ ಲಾಗ್ ಫೈಲುಗಳಲ್ಲಿ ಬರೆಯಲ್ಪಡುತ್ತವೆ. ಆ ಲಾಗು ಇನ್ನೊಂದು ಸರ್ವರಿಗೆ ಹೋಗಿ ಅಲ್ಲಿನ ಪ್ರತಿಗೆ ಸೇರುತ್ತದೆ. ಸರ್ವರುಗಳ ಸಂಖ್ಯೆ ಸಮ ಇದ್ದರೆ ವಿಟ್‌ನೆಸ್ ಬೇಕು, ಅದೇ ಮೂರನೇ ಸಾಕ್ಷಿ.

ಇದರಲ್ಲಿ ನನಗೆ ಇಷ್ಟವಾದದ್ದು ಲ್ಯಾಗ್ಡ್ ಕಾಪಿ. ಲಾಗ್ ಬಂದರೂ ಕೂಡಲೇ ಸೇರಿಸದೆ, ನೀವು ಹೇಳಿದಷ್ಟು ದಿನ, 14 ದಿನದವರೆಗೆ, ಹಿಂದೆ ಉಳಿಯುವ ಪ್ರತಿ. ಡೇಟಾಬೇಸ್ ಒಳಗಿಂದಲೇ ಕೆಟ್ಟಿದೆ ಅಂತ ಇವತ್ತು ಗೊತ್ತಾದರೆ ಕೆಡುವ ಮುಂಚಿನ ಹೊತ್ತಿಗೆ ಹೋಗಿ ನಿಲ್ಲಬಹುದು.

ಒಂದು ಮಾತು: ಎಕ್ಸ್‌ಚೇಂಜ್ 2016, 2019 ಎರಡಕ್ಕೂ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಈಗ ಇರುವುದು ಸಬ್‌ಸ್ಕ್ರಿಪ್ಶನ್ ಎಡಿಶನ್. ಹಳೆಯದರ ಮೇಲೆ ಹೊಸದಾಗಿ ಡ್ಯಾಗ್ ಕಟ್ಟಲು ದುಡ್ಡು ಹಾಕಬೇಡಿ.

ನಮ್ಮದು ಪೋಸ್ಟ್‌ಫಿಕ್ಸ್, ಡೊವ್‌ಕಾಟ್. ಉಚಿತದ್ದರಲ್ಲಿ ದಾರಿ ಇದೆಯಾ?

ಇದೆ. ಆದರೆ ಹಳೇ ಬರಹಗಳನ್ನು ನೋಡಿ ಮಾಡಬೇಡಿ. ಜನಕ್ಕೆ ಇನ್‌ಬಾಕ್ಸ್ ತೋರಿಸುವ ಸಾಫ್ಟ್‌ವೇರ್ ಆದ ಡೊವ್‌ಕಾಟ್‌ನಲ್ಲಿ ಎರಡು ಸರ್ವರ್ ತಾನಾಗಿ ಹೊಂದಿಕೊಳ್ಳುವ ರೆಪ್ಲಿಕೇಟರ್ ಇತ್ತು, ಸಣ್ಣವರಿಗೆ ಹೇಳಿ ಮಾಡಿಸಿದಂತಿತ್ತು. ಎರಡೂ ಕಡೆ ಮೇಲ್ ಬಂದರೂ ಬೆರೆಸುತ್ತಿತ್ತು. 2025ರಲ್ಲಿ ಬಂದ 2.4 ಆವೃತ್ತಿಯಲ್ಲಿ ಅದನ್ನು ತೆಗೆದುಬಿಟ್ಟರು. ನನಗೆ ಇದರ ಬಗ್ಗೆ ಇನ್ನೂ ಬೇಜಾರಿದೆ. ಅಪ್‌ಡೇಟ್ ಒತ್ತುವ ಮೊದಲು ನಿಮ್ಮ ಆವೃತ್ತಿ ನೋಡಿಕೊಳ್ಳಿ.

ಉಳಿದ ದಾರಿ ಡಿಸ್ಕ್ ಮಟ್ಟದಲ್ಲಿ ಡಿಆರ್‌ಬಿಡಿ. ಕೆಲಸ ವಹಿಸಿಕೊಳ್ಳಲು ಪೇಸ್‌ಮೇಕರ್ ಎಂಬ ಸಾಫ್ಟ್‌ವೇರ್. ಮೇಲ್‌ಡಿರ್ ಕ್ರಮದಲ್ಲಿ ಇಡಿ, ಒಂದು ಮೇಲ್‌ಗೆ ಒಂದು ಫೈಲ್. ಎಲ್ಲವನ್ನೂ ಒಂದೇ ಫೈಲಿನಲ್ಲಿ ತುರುಕುವ ಹಳೇ ಎಂಬಾಕ್ಸ್‌ನಲ್ಲಿ ಬೇರೆ ಮಾಡುವುದೇ ಕಷ್ಟ. ಆ ಜೆಸಿಬಿ ರಾತ್ರಿ ನನ್ನನ್ನು ಉಳಿಸಿದ್ದು ಮೇಲ್‌ಡಿರ್.

ಕ್ಯೂ ಕೂಡ ಕಾಪಿ ಆಗಬೇಕು, ಮರೆಯಬೇಡಿ. ಕಳಿಸಿ ಇನ್ನೂ ಹೋಗದ ಮೇಲ್ ಅಲ್ಲೇ ಇರುತ್ತದೆ. ಫೈಲ್ ಕಾಪಿ ಮಾಡುವ ಆರ್‌ಸಿಂಕ್ ಬಳಸುವವರು ಡೊವ್‌ಕಾಟಿನ ಯುಐಡಿ (ಒಂದೊಂದು ಮೇಲ್‌ಗೂ ಕೊಟ್ಟ ನಂಬರ್) ಪಟ್ಟಿಯ ಫೈಲುಗಳನ್ನೂ ಸೇರಿಸಿ. ಅದು ತಪ್ಪಿದರೆ ಎಲ್ಲರ ಫೋನೂ 'ಇದು ಹೊಸ ಮೇಲ್‌ಬಾಕ್ಸ್' ಅಂತ ತಿಳಿದು ಮೊದಲಿಂದ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ ಹತ್ತಕ್ಕೆ ಎಲ್ಲರ ಡೇಟಾ ಪ್ಯಾಕ್ ಖಾಲಿ, ಎಲ್ಲರ ಫೋನೂ ನಿಮಗೆ.

ಆ ಕಡೆ ಸರ್ವರ್ ಚಾಲೂ ಆಯಿತು, ಆದರೆ ನಾವು ಕಳಿಸಿದ್ದು ಸ್ಪ್ಯಾಮ್‌ಗೆ ಹೋಗುತ್ತಿದೆ. ಯಾಕೆ?

ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಇದೇ ಆಯಿತು. ಮಳೆ, ಕರೆಂಟಿಲ್ಲ, ಯುಪಿಎಸ್ ಮುಗಿಯಿತು. ಮಂಡ್ಯಕ್ಕೆ ಬದಲಿಸಿದೆ. ಹದಿನಾಲ್ಕು ನಿಮಿಷ. ಹೆಮ್ಮೆಯಿಂದ ಕಾಫಿ ಕುಡಿದೆ. ಎರಡು ದಿನ ಬಿಟ್ಟು ಮಾಲೀಕರ ಫೋನು: 'ಪಾರ್ಟಿಗೆ ಕೊಟೇಶನ್ ಕಳಿಸಿದ್ದೆ, ಬಂದೇ ಇಲ್ಲ ಅಂತಾರೆ.' ನೋಡಿದರೆ ಮಂಡ್ಯದ ಐಪಿ ಎಸ್‌ಪಿಎಫ್ ದಾಖಲೆಯಲ್ಲಿ (ನಮ್ಮ ಹೆಸರಿನಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ಪಟ್ಟಿ) ಇರಲಿಲ್ಲ. ರಿವರ್ಸ್ ಡಿಎನ್‌ಎಸ್ (ಐಪಿ ಕೊಟ್ಟರೆ ಹೆಸರು ಹೇಳುವ ದಾಖಲೆ) ಕೂಡ ಇರಲಿಲ್ಲ. ತಪ್ಪು ನನ್ನದೇ. ಹೊರಗಿನವರ ಕಣ್ಣಿಗೆ ಆ ಸರ್ವರ್ ನಮ್ಮ ಹೆಸರು ಹೇಳಿಕೊಂಡು ಬಂದ ಅಪರಿಚಿತ.

ಎರಡೂ ಐಪಿ ಎಸ್‌ಪಿಎಫ್‌ನಲ್ಲಿ, ಎರಡಕ್ಕೂ ರಿವರ್ಸ್ ಡಿಎನ್‌ಎಸ್, ಎರಡರಲ್ಲೂ ಮೇಲ್‌ಗೆ ಸಹಿ ಹಾಕುವ ಡಿಕಿಮ್ ಕೀ ಇರಲಿ. ಜೊತೆಗೆ ದಿನಕ್ಕೆ ನಾಲ್ಕಾರು ನಿಜವಾದ ಮೇಲ್ ಎರಡನೆಯದರಿಂದಲೂ ಹೋಗುವ ಹಾಗೆ ಮಾಡಿ. ವರ್ಷವೆಲ್ಲ ಮೌನವಾಗಿದ್ದ ವಿಳಾಸದಿಂದ ಒಂದೇ ದಿನ ಸಾವಿರ ಮೇಲ್ ಬಂದರೆ ಯಾರಿಗಾದರೂ ಅನುಮಾನ ಬರುತ್ತದೆ.

ರೇಡ್ ಇದೆ, ಸಾಲದಾ?

ರೇಡ್ ಅಂದರೆ ಒಂದೇ ಸರ್ವರಿನೊಳಗೆ ಹಲವು ಡಿಸ್ಕಿಗೆ ಹಂಚಿ ಬರೆಯುವುದು. ಒಂದು ಡಿಸ್ಕ್ ಸತ್ತರೆ ಕಾಪಾಡುತ್ತದೆ. ಮದರ್‌ಬೋರ್ಡ್ ಸತ್ತರೆ ಇಲ್ಲ.

ಎರಡು ಸರ್ವರ್ ಇದ್ದೂ ಎರಡೂ ಒಟ್ಟಿಗೆ ನಿಂತದ್ದಿದೆಯಾ?

ಧಾರಾಳವಾಗಿ. ಒಂದೇ ಯುಪಿಎಸ್‌ಗೆ ಎರಡನ್ನೂ ಸಿಕ್ಕಿಸಿರುತ್ತಾರೆ. ಎರಡು ಕಂಪನಿಯ ಫೈಬರ್ ತಗೊಂಡಿರುತ್ತಾರೆ, ಎರಡೂ ಒಂದೇ ಕಂಬದ ಮೇಲಿಂದ ಬಂದಿರುತ್ತದೆ. ಸಂಪರ್ಕಕ್ಕೆ ಭದ್ರತೆ ಕೊಡುವ ಟಿಎಲ್‌ಎಸ್ ಸರ್ಟಿಫಿಕೇಟಿನ ಅವಧಿ ಒಂದೇ ದಿನ ಎರಡರಲ್ಲೂ ಮುಗಿಯುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ 2022ರ ಜನವರಿ 1. ಎಕ್ಸ್‌ಚೇಂಜ್‌ನ ವೈರಸ್ ತಪಾಸಣೆ ಭಾಗ ದಿನಾಂಕವನ್ನು 2201010001 ಅಂತ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತಿತ್ತು. ಅದಕ್ಕೆ ಕೊಟ್ಟಿದ್ದ ಜಾಗದಲ್ಲಿ 2147483647ಕ್ಕಿಂತ ದೊಡ್ಡದು ಹಿಡಿಯುವುದಿಲ್ಲ. ಹೊಸ ವರ್ಷ ಹುಟ್ಟುತ್ತಿದ್ದ ಹಾಗೆ ಜಗತ್ತಿನ ಎಷ್ಟೋ ಸರ್ವರುಗಳಲ್ಲಿ ಮೇಲ್ ಕ್ಯೂನಲ್ಲೇ ನಿಂತಿತು. ಹದಿನಾರು ಸರ್ವರಿನ ಡ್ಯಾಗ್ ಇದ್ದವರದೂ ನಿಂತಿತು, ಒಂದೇ ಸರ್ವರ್ ಇದ್ದವರದೂ ನಿಂತಿತು. ಒಂದೇ ಸಾಫ್ಟ್‌ವೇರ್, ಒಂದೇ ದೋಷ. ಅದಕ್ಕೇ ನಾನು ಅಪ್‌ಡೇಟನ್ನು ಎರಡಕ್ಕೂ ಒಂದೇ ದಿನ ಹಾಕುವುದಿಲ್ಲ. ಮೊದಲು ಒಂದಕ್ಕೆ, ವಾರ ನೋಡಿ ಇನ್ನೊಂದಕ್ಕೆ.

ಇಷ್ಟೆಲ್ಲಾ ಯಾಕೆ? ಕ್ಲೌಡ್‌ಗೆ ಹೋದರೆ ಆಗಲ್ವಾ?

ಹತ್ತಿಪ್ಪತ್ತು ಜನರ ಆಫೀಸಾದರೆ ಹೋಗಿ. ನನ್ನ ಹೊಟ್ಟೆಪಾಡಿಗೆ ಕಲ್ಲು ಬಿದ್ದರೂ ಹೇಳುತ್ತೇನೆ, ಅದೇ ಸರಿ. ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365 ಎರಡೂ ಶೇ. 99.9ರ ಮಾತು ಕೊಡುತ್ತವೆ, ಅಂದರೆ ತಿಂಗಳಿಗೆ 43 ನಿಮಿಷ. ನೀವು ಅದೇ ದುಡ್ಡಿನಲ್ಲಿ ಅಷ್ಟು ಮಾಡಲಾರಿರಿ. ಆದರೆ ಬ್ಯಾಕಪ್ ನಿಮ್ಮ ಜವಾಬ್ದಾರಿಯೇ. ನೌಕರ ಸಿಟ್ಟಿನಲ್ಲಿ ಎಲ್ಲಾ ಅಳಿಸಿ ಹೋದರೆ ಅವರು ಮಾತು ಕೊಟ್ಟ 99.9 ಅದಕ್ಕೆ ಲಾಗೂ ಆಗುವುದಿಲ್ಲ. ನೂರಾರು ಮೇಲ್‌ಬಾಕ್ಸ್, ಡೇಟಾ ಹೊರಗೆ ಹೋಗಬಾರದೆಂಬ ಕರಾರು, ಸರ್ವರ್ ನೋಡಲು ಜನ, ಇಷ್ಟಿದ್ದರೆ ನಿಮ್ಮದೇ ಇಟ್ಟುಕೊಳ್ಳುವುದರಲ್ಲಿ ಅರ್ಥ ಇದೆ.

ಸರ್ಕಾರದ ನಿಯಮ ಏನಾದರೂ ಇದೆಯಾ?

ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನ ನೋಡಿ. ಲಾಗುಗಳನ್ನು (ಏನೇನಾಯಿತು ಅಂತ ಸರ್ವರ್ ಬರೆದಿಡುವ ದಾಖಲೆ) 180 ದಿನ ಇಡಬೇಕು, ಅದರಲ್ಲಿ ಹೆಸರಿಸಿದ ಬಗೆಯ ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ಎರಡು ಸರ್ವರ್ ಇದ್ದರೆ ಎರಡರ ಲಾಗೂ ಇಡಬೇಕು. ಗಡಿಯಾರ ಹೊಂದಿಸಿಕೊಳ್ಳಬೇಕು ಅಂತಲೂ ಅದರಲ್ಲಿದೆ. ನಿಯಮ ಇಲ್ಲದಿದ್ದರೂ ಮಾಡಿ. ಎರಡು ಸರ್ವರಿನ ಗಡಿಯಾರ ಬೇರೆ ಬೇರೆ ಇದ್ದರೆ ಯಾವ ಮೇಲ್ ಮೊದಲು ಬಂತು ಅಂತ ನೋಡುವುದೇ ಗೋಳು.

ಎಲ್ಲಾ ಸೆಟ್ ಮಾಡಿದ್ದೇವೆ. ನಿಜವಾಗಿ ಕೆಲಸ ಮಾಡುತ್ತದೆ ಅಂತ ಹೇಗೆ ನಂಬುವುದು?

ನಂಬಬೇಡಿ, ವೈರ್ ಎಳೆದು ನೋಡಿ.

ನಮ್ಮೂರಿನವರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಜಂಬೂಸವಾರಿ ದಿನ ಸುಮಾರು 750 ಕೆ.ಜಿ.ಯ ಅಂಬಾರಿ ಹೊರುವ ಆನೆಗೆ ವಾರಗಟ್ಟಲೆ ಮುಂಚೆ ಮರಳು ಮೂಟೆ ಹೊರಿಸಿ, ಅರಮನೆಯಿಂದ ಬನ್ನಿಮಂಟಪದ ದಾರಿಯಲ್ಲಿ ತಾಲೀಮು ಮಾಡಿಸುತ್ತಾರೆ. ಆ ಒಂದು ಆನೆಗೆ ಮಾತ್ರ ಅಲ್ಲ, ಬೇರೆ ಆನೆಗಳಿಗೂ ಭಾರ ಹೊರಿಸುತ್ತಾರೆ. 2020ರಲ್ಲಿ ಅರ್ಜುನನ ಬದಲು ಅಭಿಮನ್ಯು ಅಂಬಾರಿ ಹೊತ್ತಾಗ ಅವನಿಗೆ ದಸರಾ ಹೊಸದಾಗಿರಲಿಲ್ಲ. ಎರಡನೇ ಸರ್ವರಿಗೂ ಮರಳು ಮೂಟೆ ಹೊರಿಸಿ.

ನಮ್ಮ ತಾಲೀಮು ಮೂರು ತಿಂಗಳಿಗೊಂದು ಶನಿವಾರ, ಮಧ್ಯಾಹ್ನ ಊಟ ಆದ ಮೇಲೆ. ಮೈಸೂರಿನಲ್ಲಿ ನಾನು, ಮಂಡ್ಯದಲ್ಲಿ ನನ್ನ ಜೊತೆಗಾರ, ನಡುವೆ ಫೋನ್. ನಾನು ನೆಟ್‌ವರ್ಕ್ ಕೇಬಲ್ ಎಳೆಯುತ್ತೇನೆ. ಅವನು ಕೇಳಬೇಕಾದ ಪ್ರಶ್ನೆ ಕೇಳುತ್ತಾನೆ, ಗೋಡೆಗೆ ಅಂಟಿಸಿದ ಹಾಳೆ ನೋಡಿ ಒಂದೊಂದೇ ಹೆಜ್ಜೆ ಜೋರಾಗಿ ಓದುತ್ತಾ ಮಾಡುತ್ತಾನೆ. ಹಾಳೆಯಲ್ಲಿ ಇಲ್ಲದ್ದನ್ನು ಮಾಡುವ ಹಾಗಿಲ್ಲ. ಗೊತ್ತಿದ್ದರೂ ಮಾಡುವ ಹಾಗಿಲ್ಲ. ಮೊದಲ ಸಲ ನಾಲ್ಕನೇ ಹೆಜ್ಜೆಗೇ ನಿಂತೆವು. ಡಿಎನ್‌ಎಸ್ ಪಾಸ್‌ವರ್ಡ್ ಇದ್ದದ್ದು ಒಂದು ಮೇಲ್‌ನಲ್ಲಿ. ಆ ಮೇಲ್ ಇದ್ದದ್ದು ನಾನು ಕೇಬಲ್ ಎಳೆದ ಸರ್ವರಿನಲ್ಲಿ.

ಆಮೇಲೆ ಹೊರಗಿನ ವಿಳಾಸದಿಂದ ಒಂದು ಮೇಲ್ ಕಳಿಸಿ, ಒಂದಕ್ಕೆ ಉತ್ತರ ಕೊಟ್ಟು, ಫೋನಿನಲ್ಲಿ ತೆರೆದು ನೋಡಿ. 'ಸರ್ವೀಸ್ ಚಾಲೂ ಇದೆ' ಅಂತ ಹಸಿರು ದೀಪ ಹೇಳಿದರೆ ಸಾಲದು. ಬ್ಯಾಕಪ್‌ನಿಂದಲೂ ಒಬ್ಬರ ಮೇಲ್‌ಬಾಕ್ಸ್ ವಾಪಸ್ ತೆಗೆದು ನೋಡಿ.

ಮೊದಲ ಸರ್ವರ್ ಸರಿಯಾದ ಮೇಲೆ ಕೂಡಲೇ ವಾಪಸ್ ಬರಬೇಕಾ?

ಬೇಡ. ಎದ್ದ ತಕ್ಷಣ ಅದು ಹಳೇ ಪ್ರತಿ ಇಟ್ಟುಕೊಂಡು ತಾನೇ ಯಜಮಾನ ಅನ್ನದಂತೆ ನೋಡಿಕೊಳ್ಳಿ. ಮೊದಲು ಮಂಡ್ಯದಿಂದ ಹೊಸದೆಲ್ಲ ಇದಕ್ಕೆ ಬರಲಿ, ಒಂದೆರಡು ದಿನ ಹಿಂಬಾಲಕನಾಗಿ ಇರಲಿ. ಬಿದ್ದದ್ದು ಯಾಕೆ ಅಂತ ಗೊತ್ತಾಗದೆ ವಾಪಸ್ ಬಂದರೆ ಮತ್ತೆ ಬೀಳುತ್ತದೆ.

ಆಯುಧ ಪೂಜೆಗೆ ಸರ್ವರ್ ಆಫ್ ಮಾಡಬಹುದಾ?

ನಗಬೇಡಿ, ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಲೇತು, ಲಾರಿ, ಜನರೇಟರ್ ಎಲ್ಲಕ್ಕೂ ಪೂಜೆ ಮಾಡಿ ಸರ್ವರ್ ಬಿಟ್ಟರೆ ಅದಕ್ಕೂ ಬೇಜಾರಲ್ವಾ?

ನಾನು ಮಾಡುವುದು ಹೀಗೆ. ಆ ದಿನ ಮೇಲ್ ಹೇಗೂ ಕಮ್ಮಿ. ಹಿಂದಿನ ಸಂಜೆಯೇ ಮಂಡ್ಯಕ್ಕೆ ಬದಲಿಸುತ್ತೇನೆ, ಅದೂ ಒಂದು ತಾಲೀಮು ಆಯಿತು. ಮೈಸೂರಿನದನ್ನು ಪೂರ್ತಿ ಆಫ್ ಮಾಡಿ, ವರ್ಷದ ಧೂಳು ಬ್ಲೋವರಿನಲ್ಲಿ ಹೊಡೆದು, ಯುಪಿಎಸ್ ಬ್ಯಾಟರಿ ನೋಡಿ, ಕೇಬಲ್ ಕಟ್ಟಿ, ಆಮೇಲೆ ಅರಿಶಿನ ಕುಂಕುಮ. ಹೂವಿನ ಹಾರ ಮೇಲೆ ಇಡಿ, ಮುಂದಿನ ಗಾಳಿ ಕಿಂಡಿಗೆ ಅಡ್ಡ ಬೇಡ. ಒಂದು ವರ್ಷ ಚೆಂಡುಹೂವಿನ ಎಸಳು ಫ್ಯಾನಿಗೆ ಸಿಕ್ಕಿ ಎರಡು ದಿನ ಕರಕರ ಅನ್ನುತ್ತಿತ್ತು. ನಿಂಬೆಹಣ್ಣು ಇಡಲು ಚಕ್ರ ಇಲ್ಲವಲ್ಲ ಅಂತ ವಾಚ್‌ಮನ್ ಕೇಳಿದ. ರ‍್ಯಾಕಿಗೆ ನಾಲ್ಕು ಚಕ್ರ ಇದೆ ಅಂತ ತೋರಿಸಿದೆ.